ಕೊಪ್ಪರಿಗೆಯ ಸುತ್ತ ಕುಣಿಯುವವರು

ಕಡಲೆಕಾಯಿ ತಿಂದು ಮುಗಿಸಿದ ಮೇಲೆ ಪೊಟ್ಟಣದ ಕಾಗದವನ್ನು ಓದದೆ ಬಿಸಾಡುವುದು ನನ್ನಿಂದ ಆಗದ ಕೆಲಸ. ನಿಮಗೂ ಈ ಚಟವಿದ್ದರೆ ಹೆಚ್ಚು ವಿವರಿಸಬೇಕಿಲ್ಲ. ಯಾರದೋ ಮಗ ಗಣಿತದಲ್ಲಿ ಹನ್ನೊಂದು ಅಂಕ ಪಡೆದ ಉತ್ತರಪತ್ರಿಕೆ, ವರನ ಹೆಸರಿದ್ದು ವಧುವಿನ ಹೆಸರು ಹರಿದುಹೋದ ಲಗ್ನಪತ್ರಿಕೆ, ಕೊಲೆಗಾರ ಯಾರೆಂದು ತಿಳಿಯುವ ಮೊದಲೇ ಮುಗಿದುಹೋಗುವ ಪತ್ತೇದಾರಿ ಕಥೆ, ಇವೆಲ್ಲ ನನ್ನ ಲೋಕಜ್ಞಾನದ ಆಧಾರಗಳು. ಹೈಸ್ಕೂಲಿನಲ್ಲಿ ಪಾಠ ಹೇಳುವ ಹೆಂಗಸು ಹೀಗೆ ಎಣ್ಣೆ ಹತ್ತಿದ ಕಾಗದ ಹಿಡಿದು ಓದುವುದನ್ನು ಕಂಡರೆ ಮಕ್ಕಳು ನಗುತ್ತಾರೆ ಎಂದು ಸ್ವಲ್ಪ ಆ ಕಡೆ ಈ ಕಡೆ ನೋಡಿಕೊಂಡೇ ಓದುತ್ತೇನೆ.

ಮೊನ್ನೆ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ನುಗ್ಗೇಹಳ್ಳಿ ಬಸ್ಸಿಗೆ ಕಾಯುತ್ತ ಕೂತಿದ್ದಾಗ ಬಿಚ್ಚಿದ ಪೊಟ್ಟಣದಲ್ಲಿ ಒಂದು ಚಿತ್ರವಿತ್ತು. ಮಕ್ಕಳ ಇಂಗ್ಲಿಷ್ ಚಿತ್ರಕಥೆಯ ಅರ್ಧ ಹಾಳೆ. ದೊಡ್ಡ ಕಪ್ಪು ಪಾತ್ರೆ, ಅದರ ಕೆಳಗೆ ಉರಿ. ಪಾತ್ರೆಯೊಳಗೆ ಕುತ್ತಿಗೆಯವರೆಗೆ ಮುಳುಗಿದ ಬಿಳಿಯ ದೊರೆ. ತಲೆಯ ಮೇಲಿನ ಹ್ಯಾಟು ಮಾತ್ರ ಹಾಗೇ ಇದೆ. ಸುತ್ತ ಕುಣಿಯುತ್ತಿರುವ ಕರಿಯ ಜನ. ಜಡೆಯಲ್ಲಿ ಮೂಳೆ, ಮುಖದ ತುಂಬ ತುಟಿ, ಹುಲ್ಲಿನ ಲಂಗ.

ಮಡಿಲಲ್ಲಿದ್ದ ಕಾಯೆಲ್ಲ ನೆಲಕ್ಕೆ ಬಿತ್ತು. ಪಕ್ಕದಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಮುದುಕಿ ನನ್ನ ಮುಖ ನೋಡಿ, "ಯಾಕವ್ವಾ, ಕಾಯ್ನಾಗೆ ಉಳ ಇತ್ತಾ?" ಎಂದಳು.

"ಹೂಂ ಅಜ್ಜಿ, ಹುಳ ಇತ್ತು" ಎಂದೆ.

ಈ ಹುಳದ ಪರಿಚಯ ನನಗೆ ಎಂಟನೆಯ ವಯಸ್ಸಿನದು. ಆಗ ನಾವು ಹೊಳೆನರಸೀಪುರದಲ್ಲಿದ್ದೆವು. ಅರಕಲಗೂಡಿನ ನನ್ನ ಸೋದರಮಾವ ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ. ದೊರೆಗಳು ತೋಟ ಮಾರಿ ತಮ್ಮ ದೇಶಕ್ಕೆ ಹೊರಟಾಗ ಬಂಗಲೆಯಲ್ಲಿ ಉಳಿದ ಸಾಮಾನನ್ನು ಕೆಲಸದವರಿಗೆ ಹಂಚಿದರಂತೆ. ಯಾರಿಗೋ ಕುರ್ಚಿ, ಯಾರಿಗೋ ಗಡಿಯಾರ. ನಮ್ಮ ಮಾವನ ಪಾಲಿಗೆ ಬಂದದ್ದು ದೊರೆಯ ಮಕ್ಕಳು ಓದಿಬಿಟ್ಟ ಚಿತ್ರದ ಪುಸ್ತಕಗಳ ಒಂದು ಟ್ರಂಕು. ಗಡಿಯಾರ ಸಿಗಲಿಲ್ಲವೆಂದು ಅತ್ತೆ ವರ್ಷವಿಡೀ ಗೊಣಗಿದಳು. ಟ್ರಂಕು ನಮ್ಮ ಮನೆ ಸೇರಿತು.

ಅದರಷ್ಟು ಸುಖವನ್ನು ನನಗೆ ಬೇರೆ ಯಾವುದೂ ಕೊಟ್ಟಿಲ್ಲ ಎಂದರೆ ನೀವು ನಂಬಬೇಕು. ಮುಚ್ಚಳ ತೆಗೆದರೆ ನುಸಿಗುಳಿಗೆ, ಹಳೇ ಕಾಗದ, ಕಾಫಿ ಮೂರೂ ಬೆರೆತ ವಾಸನೆ. ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬಾರದು. ಚಿತ್ರದ ಜನರ ಬಾಯಿಂದ ಹೊರಟ ಗುಳ್ಳೆಗಳಲ್ಲಿ ಏನು ಬರೆದಿದೆಯೋ ದೇವರೇ ಬಲ್ಲ. ಹಾಗಾಗಿ ಮಾತನ್ನು ನಾವೇ ಹಾಕಿಕೊಂಡೆವು. ಹ್ಯಾಟಿನ ದೊರೆ ನಮ್ಮ ಹೆಡ್‌ಮಾಸ್ತರರ ಹಾಗೆ ಪುಸ್ತಕದ ಕನ್ನಡ ಆಡುತ್ತಿದ್ದ. ಪಾತ್ರೆಯ ಸುತ್ತ ಕುಣಿಯುವವರು ಮಾತ್ರ ನಮ್ಮ ಬೀದಿಯವರಂತೆ, "ಉಪ್ಪು ಸಾಲ್ದು ಕಣ್ಲಾ", "ಇನ್ನೊಂದು ಕುದಿ ಬರ್ಲಿ ತಡಿಯೋ", "ಕಾಲು ನಂಗೆ, ತೊಡೆ ನಿಂಗೆ" ಎನ್ನುತ್ತಿದ್ದರು. ಅವರಿಗೆ ನಾವಿಟ್ಟ ಹೆಸರು ಬೇಯ್ಸೋರು.

ಪುಸ್ತಕ ನೋಡಿ ಸಾಕಾದರೆ ಅದನ್ನೇ ಆಟ ಆಡುವುದು. ಚಿಕ್ಕಪ್ಪನ ಮಗ ಶಿವಣ್ಣ ನಮ್ಮ ನಾಯಕ. ಅವನೇ ದೊರೆ, ತಲೆಗೆ ಬೆತ್ತದ ಪುಟ್ಟಿ. ನಾನೂ ಒಂದು ದಿನ ದೊರೆಯಾಗುತ್ತೇನೆ ಎಂದು ಕೇಳಿದೆ.

"ನೀನಾ?" ಎಂದ ಶಿವಣ್ಣ. "ನೀನು ಬೇಯ್ಸೋಳೇ ಸರಿ ಕಣೆ. ನಿಂಗಾದ್ರೆ ಮಸಿ ಬಳಿಯೋ ತಾಪತ್ರಯ ಇಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಬಣ್ಣದ ವಿಷಯ ಮನೆಯಲ್ಲಿ ಗುಟ್ಟೇನೂ ಆಗಿರಲಿಲ್ಲ. ಅಜ್ಜಿ ದಿನಾ ಕಡಲೆಹಿಟ್ಟು ಹಚ್ಚಿ ನನ್ನ ಕೆನ್ನೆ ಉಜ್ಜುತ್ತ, "ಒಲೆಯಿಂದ ಇಳಿಸಿದ ಗಡಿಗೆ ತಳ ಇದ್ದಂಗವ್ಳೆ ಕಣಪ್ಪ, ಯಾವೋನ್ ಕಟ್ಕತಾನೆ ಇವ್ಳ್ನ?" ಎಂದು ಗೋಡೆಯನ್ನು ಕೇಳುತ್ತಿದ್ದಳು. ಅದೇ ಅಜ್ಜಿ ಬೆಳ್ಳಗಿದ್ದ ನನ್ನ ತಮ್ಮನ ಕೆನ್ನೆಗೆ ದೃಷ್ಟಿಯಾಗದಿರಲೆಂದು ಕಾಡಿಗೆಯ ಬೊಟ್ಟು ಇಡುತ್ತಿದ್ದಳು. ನನಗೆ ಇಡುತ್ತಿರಲಿಲ್ಲ. ಮೈಯೆಲ್ಲ ಬೊಟ್ಟೇ ಆದವಳಿಗೆ ಯಾರ ಕಣ್ಣು ತಾಗೀತು!

ಬೇಯಿಸುವವಳಾದ ಮೇಲೆ ಅರೆಮನಸ್ಸಿನಿಂದ ಆಗಲಿಲ್ಲ ನಾನು. ಜಡೆಗೆ ಮುರುಕಲು ಸೌಟು ಸಿಕ್ಕಿಸಿಕೊಂಡೆ. ಕಣ್ಣು ಹೊರಳಿಸುವುದು, ನಾಲಗೆ ಚಾಚುವುದು, ಹೊಟ್ಟೆ ಸವರಿಕೊಳ್ಳುವುದು ಎಲ್ಲ ಅಭ್ಯಾಸ ಮಾಡಿದೆ. ನನ್ನನ್ನು ಕಂಡರೆ ಕೆಳಗಿನ ಬೀದಿಯ ಮಕ್ಕಳು ಚಡ್ಡಿ ಒದ್ದೆ ಮಾಡಿಕೊಳ್ಳುತ್ತಿದ್ದರು. ಅವರ ಅಮ್ಮಂದಿರು ದೂರು ತಂದಾಗ ನನಗೆ ಹೆಮ್ಮೆಯೋ ಹೆಮ್ಮೆ. ಬಣ್ಣದಿಂದ ಸಿಗದ ಮರ್ಯಾದೆ ಹೆದರಿಸುವುದರಿಂದ ಸಿಕ್ಕಿತ್ತು.

ಮುಂದೆ ಹಾಸನದ ಕಾಲೇಜು ಸೇರಿ ಇಂಗ್ಲಿಷ್ ಕಲಿತೆ. ರಜೆಗೆ ಬಂದವಳು ಅದೇ ಪುಸ್ತಕಗಳನ್ನು ತೆಗೆದು ಗುಳ್ಳೆಗಳನ್ನು ಓದಿದೆ. ದೊರೆಯ ಗುಳ್ಳೆಯಲ್ಲಿ ಮಾತಿತ್ತು. ಕುಣಿಯುವವರ ಗುಳ್ಳೆಯಲ್ಲಿ ಮಾತೇ ಇರಲಿಲ್ಲ. ಎಮ್ಮೆ ಕೆಮ್ಮಿದ ಹಾಗೆ ಬರೀ ಸದ್ದು. ಇಷ್ಟು ವರ್ಷ ಅವರಿಗೆ ನಾವೇ ಭಾಷೆ ಕೊಟ್ಟಿದ್ದೆವಲ್ಲ ಎಂದು ಖುಷಿಯಾಯಿತು. ಅವರಿಗೆ ಯಾಕೆ ಮಾತು ಬರೆದಿಲ್ಲ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಅದೇ ವರ್ಷ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಆಫ್ರಿಕದ ದೇಶಗಳ ಸ್ವಾತಂತ್ರ್ಯದ ಪರವಾಗಿ ಹತ್ತು ನಿಮಿಷ ಗುಡುಗಿ ಒಂದು ಸ್ಟೀಲ್ ಲೋಟ ಗೆದ್ದಿದ್ದೆ. ಲೋಟ ಈಗಲೂ ಇದೆ.

ನಾನು ಹೇಳಲು ಹೆದರುತ್ತಿರುವ ಸಂಗತಿಗೆ ಇನ್ನು ಬರಲೇಬೇಕು.

ನಮ್ಮ ಅಕ್ಕನನ್ನು ಹಳ್ಳಿಮೈಸೂರಿನ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿತ್ತು. ಭಾವ ನಂಜೇಗೌಡರಿಗೆ ಕಬ್ಬಿನ ಗದ್ದೆ, ಸುಗ್ಗಿಯಲ್ಲಿ ಬೆಲ್ಲ ತೆಗೆಯಲು ಆಲೆಮನೆ. ಬಿ.ಎ. ಓದುತ್ತಿದ್ದಾಗ ರಜೆ ಸಿಕ್ಕಿದರೆ ಸಾಕು, ನಾನು ಅಲ್ಲಿಗೆ ಓಡುತ್ತಿದ್ದೆ. ಆಲೆಮನೆ ನೋಡಿದವರಿಗೆ ಗೊತ್ತು, ನೋಡದವರಿಗೆ ಹೇಳುತ್ತೇನೆ. ಒಂದು ಕಡೆ ಎತ್ತು ಗಾಣ ತಿರುಗಿಸುತ್ತಿರುತ್ತದೆ. ಇನ್ನೊಂದು ಕಡೆ ನೆಲದಲ್ಲಿ ತೋಡಿದ ಒಲೆಯ ಮೇಲೆ ಕೊಪ್ಪರಿಗೆ. ನಾಲ್ಕು ಜನ ಮಲಗಬಹುದಾದಷ್ಟು ಅಗಲದ ಕಬ್ಬಿಣದ ಬಾಣಲೆ. ಅದರ ಅಂಚು ದೊಡ್ಡವರ ಮೊಣಕಾಲಿಗೆ ಬರುತ್ತದೆ, ಅಷ್ಟೆ. ಮಕ್ಕಳಿಗೆ ಅದರ ಹತ್ತಿರ ಹೋಗುವ ಆಸೆ: ಸಿಪ್ಪೆ ಸುಲಿದ ಕಬ್ಬಿನ ತುಂಡನ್ನು ಕುದಿಯುವ ಪಾಕಕ್ಕೆ ಅದ್ದಿ ತೆಗೆದರೆ ಅದಕ್ಕೆ ಬೆಲ್ಲ ಅಂಟಿಕೊಂಡು ಬರುತ್ತದೆ, ಅದನ್ನು ನೆಕ್ಕುವುದು. ದೊಡ್ಡವರು ಅದ್ದಿಕೊಡಬೇಕು. ಮಕ್ಕಳಿಗೆ ಅಷ್ಟು ಕಾಯುವ ತಾಳ್ಮೆ ಎಲ್ಲಿ?

ಆ ಸಲ ಅಕ್ಕ ನನ್ನನ್ನು ಕರೆದು, "ಲೇ ಸರೋಜಿ, ನಮ್ ಪುಟ್ಟಿ ಕೊಪ್ಪರಿಗೆ ತಾವ್ಕೇ ಓಯ್ತದೆ ಕಣೆ. ಒಡುದ್ರೂ ಕೇಳಕಿಲ್ಲ. ನೀನು ಏನಾರ ಕತೆ ಏಳಿ ಎದುರ್ಸೆ" ಎಂದಳು. ಪುಟ್ಟಿ ಅವಳ ಮಗಳು, ಐದು ವರ್ಷದವಳು.

ಕತೆ ನನ್ನ ಹತ್ತಿರ ಸಿದ್ಧವಾಗಿಯೇ ಇತ್ತು. ಹೊಳೆನರಸೀಪುರದಿಂದ ಎರಡು ಪುಸ್ತಕ ತರಿಸಿದೆ. ಪುಟ್ಟಿಯನ್ನೂ ಊರಿನ ಒಂಬತ್ತು ಮಕ್ಕಳನ್ನೂ ಕೂರಿಸಿಕೊಂಡು ಚಿತ್ರ ತೋರಿಸಿದೆ. "ಇವ್ರೇ ಬೇಯ್ಸೋರು. ಮಕ್ಕಳು ಕೊಪ್ಪರಿಗೆ ಹತ್ರ ಬಂದ್ರೆ ಸೊಂಟ ಹಿಡಿದು ಎತ್ತಿ ಒಳಗೆ ಹಾಕಿಬಿಡ್ತಾರೆ" ಎಂದೆ. ಎದ್ದು ನಿಂತು ನನ್ನ ಹಳೇ ಕುಣಿತವನ್ನೂ ಕುಣಿದೆ. ಮಕ್ಕಳು ಕಿರುಚಿದರು. ನಾಲ್ಕು ದಿನ ಒಬ್ಬರೂ ಕೊಪ್ಪರಿಗೆಯ ಹತ್ತಿರ ಸುಳಿಯಲಿಲ್ಲ. ಒಲೆ ಉರಿಸಿ ಪಾಕ ನೋಡುವ ಬೋರಯ್ಯ ಕೂಡ, "ಓದಿದ್ದಕ್ಕೂ ಒಂದು ಉಪಯೋಗ ಆಯ್ತು ಬುಡವ್ವ" ಎಂದು ಮೆಚ್ಚಿಕೊಂಡ.

ಐದನೆಯ ದಿನ ಮಧ್ಯಾಹ್ನ ನಮ್ಮ ಕಡೆಯ ಗ್ರಾಮಸೇವಕರು ಒಬ್ಬ ಅತಿಥಿಯನ್ನು ಜೀಪಿನಲ್ಲಿ ಕರೆದುಕೊಂಡು ಬಂದರು. ಎತ್ತರದ ಆಳು, ಬಿಳಿಯ ಅರ್ಧ ತೋಳಿನ ಅಂಗಿ, ಕೈಯಲ್ಲಿ ನೋಟ್‌ಬುಕ್ಕು. ನನಗಿಂತ ಕಪ್ಪು.

"ಗೌಡ್ರೇ, ಇವ್ರು ಆಫ್ರಿಕದೋರು, ಉಗಾಂಡ ಅಂತ. ಜೋಸೆಫ್ ಅಂತ ಎಸರು. ಬೆಂಗಳೂರ್ನಾಗೆ ಬೇಸಾಯ ಓದ್ತಾವ್ರೆ. ನಮ್ ಕಬ್ಬು ನೋಡಕ್ ಬಂದವ್ರೆ" ಎಂದರು ಗ್ರಾಮಸೇವಕರು.

ಭಾವ ಹೆಗಲ ಟವಲು ತೆಗೆದು ಕೈಮುಗಿದರು. "ಬರ್ಲಿ ಸಾ, ಬರ್ಲಿ. ಆಲೆಮನೆಗೆ ಬಂದೋರು ಬಾಯಿ ಸೀ ಮಾಡ್ಕಂಡೇ ಓಗ್ಬೇಕು. ಲೇ, ಹಾಲು ಕೊಡ್ರುಲಾ."

ಕಬ್ಬಿನ ಹಾಲನ್ನು ಚೊಂಬಿನಲ್ಲಿ ಕೊಟ್ಟರು. ಅವರು ಎತ್ತಿ ಕುಡಿದು, ಮೀಸೆ ಒರೆಸಿಕೊಂಡು ನಕ್ಕರು. ಕಬ್ಬು ಹೊರುತ್ತಿದ್ದ ಹೆಂಗಸರು ಸೆರಗಿನ ಮರೆಯಲ್ಲಿ, "ಅಲ್ಲು ನೋಡೆ, ಮಲ್ಲಿಗೆ ಮೊಗ್ಗು ಜೋಡಿಸಿದಂಗವೆ" ಎಂದು ಪಿಸುಗುಟ್ಟಿದರು. ಮಕ್ಕಳು ಮಾತ್ರ ಇರಲಿಲ್ಲ. ಜೀಪು ಬಂದರೆ ಮುತ್ತಿಕೊಳ್ಳುವ ಮಕ್ಕಳು ಎಲ್ಲಿ ಹೋದವು ಎಂದು ನೋಡಿದರೆ, ಹುಲ್ಲಿನ ಮೆದೆಯ ಹಿಂದೆ ಸಾಲಾಗಿ ಹತ್ತು ತಲೆ, ಇಪ್ಪತ್ತು ಕಣ್ಣು. ನನಗೆ ನಗು ಬಂತು. ಆಗ ಬರಬೇಕಾದದ್ದು ನಗುವಲ್ಲ ಎಂದು ಈಗ ಗೊತ್ತು.

ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ ಎಂದು ಬೀಗುತ್ತ ಅವರೊಡನೆ ಮಾತಿಗೆ ನಿಂತೆ. ನಮ್ಮ ಊರಿನ ಕಡೆಯೂ ಬೆಲ್ಲ ಮಾಡುತ್ತಾರೆ, ನಿಮ್ಮ ದೇಶದವರೇ ಬಂದು ಕಲಿಸಿದ್ದು, ನಮ್ಮಜ್ಜಿ ಅದನ್ನು ಬಾಳೆಲೆಯಲ್ಲಿ ಸುತ್ತಿ ಎತ್ತರದಲ್ಲಿ ಇಡುತ್ತಿದ್ದಳು, ನಾವು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಕದಿಯುತ್ತಿದ್ದೆವು ಎಂದೆಲ್ಲ ಹೇಳಿದರು. ನನ್ನ ಇಂಗ್ಲಿಷ್ ಹತ್ತು ನಿಮಿಷಕ್ಕೆ ಖಾಲಿಯಾಯಿತು. ಭಾವ, ಗ್ರಾಮಸೇವಕರು ಹೊಸ ತಳಿಯ ಕಬ್ಬು ನೋಡಲು ಗದ್ದೆಗೆ ಹೋದರು. ಜೋಸೆಫ್ ಪಾಕ ಇಳಿಸುವುದನ್ನು ನೋಡಿಯೇ ಬರುತ್ತೇನೆಂದು ಕೊಪ್ಪರಿಗೆಯ ಹತ್ತಿರ ಉಳಿದರು. ನಾನು ಸ್ವಲ್ಪ ದೂರದಲ್ಲಿ ಕಬ್ಬಿನ ರಾಶಿಯ ಮೇಲೆ ಹೋಗಿ ಕೂತೆ. ಬೋರಯ್ಯ ಒಲೆಯ ಬಾಯಿಗೆ ಒಣಸಿಪ್ಪೆ ತುರುಕಲು ಕೆಳಗಿನ ಗುಂಡಿಗೆ ಇಳಿದ.

ಇನ್ನು ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪಾಠ ಹೇಳುವಾಗ, ಅನ್ನ ಬಸಿಯುವಾಗ, ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುವಾಗ.

ಪುಟ್ಟಿ ಮೆದೆಯ ಹಿಂದಿನಿಂದ ಹೊರಟಳು. ಕೈಯಲ್ಲಿ ಸುಲಿದ ಕಬ್ಬಿನ ತುಂಡು. ಹೆದರಿಕೆ ನಾಲ್ಕು ದಿನ ಹಿಡಿದಿತ್ತು. ಪಾಕದ ವಾಸನೆ ಐದನೆಯ ದಿನ ಗೆದ್ದಿತು. ಬೋರಯ್ಯ ಇಲ್ಲದ್ದನ್ನು ನೋಡಿಕೊಂಡು, ಜೋಸೆಫ್ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದ ಹೊತ್ತಿನಲ್ಲಿ, ಕಳ್ಳಹೆಜ್ಜೆಯಲ್ಲಿ ಅಂಚಿಗೆ ಬಂದಳು. ತುಂಡನ್ನು ಚಾಚಿದಳು. ಒದ್ದೆ ಸಿಪ್ಪೆಯ ಮೇಲೆ ಅವಳ ಕಾಲು ಜಾರಿತು. ನಾನು ನೋಡಿದೆ. ಕಾಲು ಜಾರಿದ್ದನ್ನು ನಾನು ನನ್ನ ಈ ಎರಡು ಕಣ್ಣಿನಿಂದ ನೋಡಿದೆ.

ನೋಟ್‌ಬುಕ್ಕು ಹಾರಿತು. ಜೋಸೆಫ್ ಬಗ್ಗಿ ಅವಳ ಸೊಂಟಕ್ಕೆ ಎರಡೂ ಕೈ ಹಾಕಿ ಮೇಲೆತ್ತಿಬಿಟ್ಟರು. ಅವರ ಒಂದು ಕಾಲು ಒಲೆಯ ಕಟ್ಟೆಯ ಮೇಲೆ, ಇನ್ನೊಂದು ಅದೇ ಜಾರುವ ಸಿಪ್ಪೆಯ ಮೇಲೆ. ಹಿಂದೆ ಸರಿಯಲಾರರು. ಕುದಿಯುವ ಪಾಕದ ಮೇಲೆ, ಹಬೆಯ ನಡುವೆ, ಕಿರುಚುತ್ತಿರುವ ಮಗುವನ್ನು ಎತ್ತಿ ಹಿಡಿದು ನಿಂತ ಕರಿಯ ಮನುಷ್ಯ.

ಕಣ್ಣು ಕಂಡದ್ದು ಬಾಯಿಗೆ ಬರುವ ಮೊದಲೇ ಪುಸ್ತಕದ ಚಿತ್ರ ಬಾಯಿಗೆ ಬಂತು. "ಅಯ್ಯೋ! ಬಿಡೋ! ಬಿಡೋ ಅವಳ್ನ!" ಎಂದು ಮೊದಲು ಕೂಗಿದವಳು ನಾನು.

ನನ್ನ ಕೂಗಿನ ಹಿಂದೆಯೇ ಮೆದೆಯ ಹಿಂದಿನಿಂದ ಮಕ್ಕಳ ಕೂಗು: "ಬೇಯ್ಸೋನು! ಬೇಯ್ಸೋನು! ಪುಟ್ಟೀನ ಬೇಯಿಸ್ತಾವ್ನೆ!" ಗಾಣ ನಿಂತಿತು. ಕಬ್ಬು ಕಡಿಯುತ್ತಿದ್ದ ಐದಾರು ಆಳುಗಳು ಮಚ್ಚು ಹಿಡಿದೇ ಓಡಿಬಂದರು. ಬೋರಯ್ಯ ಗುಂಡಿಯಿಂದ ಮೇಲೆ ಹಾರಿ, ಪಾಕ ಕಲಕುವ ಮರದ ಹುಟ್ಟನ್ನು ಕಿತ್ತು ಎತ್ತಿದ. ಅದರಿಂದ ತೊಟ್ಟಿಕ್ಕಿದ ಪಾಕ ಜೋಸೆಫರ ಎಡಗೈ ಮೇಲೆ ಬಿತ್ತು. ಬಿಸಿನೀರಾದರೆ ಬಿದ್ದು ಹರಿದುಹೋಗುತ್ತದೆ. ಪಾಕ ಹಾಗಲ್ಲ, ಬಿದ್ದಲ್ಲಿ ಅಂಟಿಕೊಂಡು ಒಳಗೆ ಇಳಿಯುತ್ತದೆ. ಅವರ ಮುಖ ಹಿಂಡಿತು. ಕೈ ಸಡಿಲವಾಗಲಿಲ್ಲ.

"ಬುಡ್ಲಾ ಮಗೀನ! ಬುಡ್ತೀಯೋ ಇಲ್ವೋ!" ಬೋರಯ್ಯ ಅರಚಿದ.

ಆ ಮನುಷ್ಯನಿಗೆ ಕನ್ನಡ ಬಾರದೆ ಇದ್ದುದಕ್ಕೆ ನಾನು ಯಾವ ದೇವರಿಗೆ ಹರಕೆ ಕಟ್ಟಲಿ? ಬಂದಿದ್ದರೆ, ನಾವೆಲ್ಲ ಹೇಳಿದಂತೆ ಅವರು ಬಿಟ್ಟಿದ್ದರೆ, ಪುಟ್ಟಿ ಎಲ್ಲಿ ಬೀಳುತ್ತಿದ್ದಳು?

ಅಷ್ಟು ಹೊತ್ತಿಗೆ ನನಗೆ ಬುದ್ಧಿ ಬಂತು. ಎಷ್ಟು ಹೊತ್ತಿಗೆ? ಒಂದು ಉಸಿರೋ, ಮೂರು ಉಸಿರೋ. ಹಾಸಿಗೆಯಲ್ಲಿ ಮಲಗಿ ಉಸಿರು ಎಣಿಸಿ ನೋಡಿದ್ದೇನೆ, ಒಂದೊಂದು ಸಲ ಒಂದೊಂದು ಲೆಕ್ಕ. ರಾಶಿಯಿಂದ ಉರುಳಿಕೊಂಡು ಇಳಿದೆ. "ಒಡೀಬ್ಯಾಡಿ! ಅವ್ಳು ಜಾರಿದ್ಲು! ಅವ್ರು ಇಡ್ಕಂಡವ್ರೆ! ಬೋರಯ್ಯ, ಬ್ಯಾಡ!" ಎಂದು ಬೋರಯ್ಯನ ಹುಟ್ಟಿಗೆ ಜೋತುಬಿದ್ದೆ. ಮಚ್ಚಿನವರು ನನ್ನ ಮುಖ ನೋಡಿದರು, ಜೋಸೆಫರ ಮುಖ ನೋಡಿದರು. ಬಿಡು ಎಂದವಳೂ ಇವಳೇ, ಬ್ಯಾಡ ಎನ್ನುವವಳೂ ಇವಳೇ, ಯಾವುದನ್ನು ನಂಬುವುದು? ಒಬ್ಬನ ಮಚ್ಚು ಇನ್ನೂ ಮೇಲೆಯೇ ಇತ್ತು.

ಆ ಗಳಿಗೆಯಲ್ಲಿ ಜೋಸೆಫ್ ಹೇಗೋ ಹಿಮ್ಮಡಿ ಊರಿ ಮೈ ತಿರುಗಿಸಿ, ಮಗುವನ್ನು ಎದೆಗೆ ಅವಚಿಕೊಂಡು ಹಿಂದಕ್ಕೆ ಒಣಸಿಪ್ಪೆಯ ರಾಶಿಯ ಮೇಲೆ ಬಿದ್ದುಬಿಟ್ಟರು. ಎಲ್ಲರೂ ಸುತ್ತುವರಿದರು. ಪುಟ್ಟಿ ಅವರ ಎದೆಯ ಮೇಲೆ ಕೂತು, ಎರಡೂ ಕೈ ಬೀಸಿಕೊಂಡು ಅಳುತ್ತಿದ್ದಳು.

"ನನ್ ಕಬ್ಬು! ನನ್ ಕಬ್ಬು ಒಳೀಕ್ ಬಿದ್ದೋಯ್ತು!"

ಎಲ್ಲರೂ ಕೊಪ್ಪರಿಗೆಯ ಕಡೆ ತಿರುಗಿದರು. ನೊರೆಯಲ್ಲಿ ಒಂದು ಗೇಣುದ್ದದ ಕಬ್ಬಿನ ತುಂಡು ಮುಳುಗುತ್ತ ಏಳುತ್ತ ಉರುಳುತ್ತಿತ್ತು. ಮಚ್ಚು ಕೆಳಗಿಳಿಯಿತು. ಬೋರಯ್ಯ ಹುಟ್ಟನ್ನು ನೆಲಕ್ಕೆ ಊರಿ ಅದರ ಪಕ್ಕದಲ್ಲೇ ಕುಕ್ಕರಿಸಿ ಕೂತ. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದ, "ನಾನು ಮಕ್ಕಳ ಕೂಗಿಗೆ ಎದ್ದು ಬರ್ಲಿಲ್ಲ ಕಣವ್ವ. ಮಕ್ಳು ದಿನಾ ಕೂಗ್ತವೆ. ನೀನು ಕೂಗ್ದೆ ಅಂತ ಬಂದೆ. ಓದ್ದೋಳು ಸುಮ್‌ಸುಮ್ಕೆ ಕೂಗಕಿಲ್ಲ ಅಂದ್ಕಂಡೆ."



ಅಕ್ಕ ಸುದ್ದಿ ಕೇಳಿ ಓಡಿಬಂದಳು. ಪುಟ್ಟಿಯ ಲಂಗದ ಅಂಚಿನಲ್ಲಿ ಪಾಕ ಗಟ್ಟಿಯಾಗಿ ಅಂಟಿತ್ತು. ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಹೋಗಿ ದೊಡ್ಡ ಬೋಗುಣಿಯಲ್ಲಿ ತಣ್ಣೀರು ತಂದು ಜೋಸೆಫರ ಕೈಯನ್ನು ಅದ್ದಿ ಹಿಡಿದಳು. ಹತ್ತು ವರ್ಷದಿಂದ ಪರಪುರುಷರ ಮುಂದೆ ಸೆರಗು ಸರಿಸದ ನಮ್ಮಕ್ಕ, ಮಗನ ಕೈ ಹಿಡಿದ ಹಾಗೆ ಹಿಡಿದಿದ್ದಳು. ಲೋಳೆಸರದ ತಿರುಳು ಹಚ್ಚಿ, ತನ್ನ ಹಳೇ ಸೀರೆಯ ಬಟ್ಟೆ ಹರಿದು ಸುತ್ತಿದಳು. ಗದ್ದೆಯಿಂದ ಬಂದ ಭಾವನಿಗೆ ವಿಷಯ ತಿಳಿದು, ಅವರು ಆಳುಗಳ ಮೇಲೆ ಹಾರಾಡಿದರು. ಆಳುಗಳು ತಲೆ ತಗ್ಗಿಸಿ ನಿಂತರು. ಯಾರೊಬ್ಬರೂ ನನ್ನ ಹೆಸರು ಹೇಳಲಿಲ್ಲ. ಬೋರಯ್ಯನೂ ಹೇಳಲಿಲ್ಲ. ಬೈಗುಳವನ್ನು ಅವರು ತಿಂದರು, ನಾನು ಕೇಳಿಸಿಕೊಂಡೆ.

ಜೀಪು ಹೊರಡಲು ಇನ್ನೂ ಸ್ವಲ್ಪ ಹೊತ್ತಿತ್ತು. ಅಂಗಳದ ಹೊರಗಿನ ಕಲ್ಲಿನ ಮೇಲೆ ಜೋಸೆಫ್ ಕೂತಿದ್ದರು. ಬೆಲ್ಲದ ನಾಲ್ಕು ಅಚ್ಚನ್ನು ಬಾಳೆಲೆಯಲ್ಲಿ ಕಟ್ಟಿ ಅಕ್ಕ ನನ್ನ ಕೈಗೆ ಕೊಟ್ಟು, "ನೀನೇ ಕೊಡೋಗು" ಎಂದಳು. ನಾನು ಕೊಟ್ಟೆ. ಅವರು ಒಳ್ಳೆಯ ಕೈಯಲ್ಲಿ ತೆಗೆದುಕೊಂಡು ಪಕ್ಕದಲ್ಲಿಟ್ಟರು. ಮಸಿಯಾದ ನೋಟ್‌ಬುಕ್ಕನ್ನು ಒರೆಸುತ್ತ, ಎಲ್ಲರೂ ಏನೆಂದು ಕೂಗುತ್ತಿದ್ದರು ಎಂದು ಕೇಳಿದರು.

"ಜೋಪಾನ, ಸುಡುತ್ತದೆ ಎಂದು" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಮಚ್ಚು ಹಿಡಿದು ಯಾರಾದರೂ ಜೋಪಾನ ಹೇಳುತ್ತಾರೆಯೇ? ಮಗುವಲ್ಲ ಅವರು. ಇನ್ನೇನೋ ಕೇಳುತ್ತಾರೆ, ಈಗ ಎಲ್ಲವೂ ಹೊರಬರುತ್ತದೆ, ಪುಸ್ತಕ, ಕುಣಿತ, ಎಲ್ಲ ಎಂದು ನಾನು ಜೀಪಿನ ಕಡೆ ಮುಖ ತಿರುಗಿಸಿದೆ.

"ನೀನು ಮೊದಲು ಕೂಗಿದೆ," ಎಂದರು. "ಉಳಿದವರೆಲ್ಲ ಆಮೇಲೆ. ನಿನ್ನ ದನಿ ನನಗೆ ಗೊತ್ತಾಯಿತು. ನೀನು ಏನೆಂದೆ?"

ಜೀಪಿನ ಎಂಜಿನ್ ಶುರುವಾಯಿತು. ಗ್ರಾಮಸೇವಕರು ಕೈ ಬೀಸಿ ಕರೆದರು. ಹೇಳಿಬಿಡಬಹುದಿತ್ತು. ಇಂಗ್ಲಿಷಿನಲ್ಲಿ ಅದು ಮೂರೇ ಪದ, ಅಷ್ಟು ನನಗೆ ಬರುತ್ತಿತ್ತು.

"ಬಿಡಬೇಡ ಎಂದೆ," ಎಂದೆ ನಾನು. "ಗಟ್ಟಿಯಾಗಿ ಹಿಡಿದುಕೋ, ಬಿಡಬೇಡ ಎಂದೆ."

ಅವರು ಎದ್ದು ನಿಂತರು. ಬೆಲ್ಲದ ಗಂಟನ್ನು ಕಂಕುಳಲ್ಲಿ ಇರುಕಿಕೊಂಡು, ಬಟ್ಟೆ ಸುತ್ತಿದ ಕೈಯನ್ನು ಎದೆಯ ಮೇಲಿಟ್ಟು ಸ್ವಲ್ಪ ಬಾಗಿದರು.

"ನಾನೂ ಹಾಗೆಯೇ ತಿಳಿದುಕೊಂಡೆ," ಎಂದರು. "ಅದಕ್ಕೇ ಬಿಡಲಿಲ್ಲ."